ಗಂಟಲಿನ ಕೂಲಿ

“ಬಾಯಿ ಬಿಡೇ! ಮಣ್ಣು ತುಂಬ್ಕೊಂಡಿದೀಯಾ ಬಾಯಲ್ಲಿ? ಸಂಬಳ ಕೇಳೋವಾಗ ಬಿಡ್ತೀಯಲ್ಲ, ಹಾಗೆ ಬಿಡು!”

ಬೈಯುತ್ತಿದ್ದದ್ದು ಗೋಡೆ. ಗೋಡೆಯ ಮೇಲಿನ ಕ್ಯಾಮೆರಾದೊಳಗಿಂದ ಅಮ್ಮಾವ್ರು. ಅವರು ಆಫೀಸಿನಲ್ಲಿ ಕೂತು ಫೋನಿನಲ್ಲಿ ಮನೆ ನೋಡುತ್ತಿದ್ದರು. ಆಯಾ ಕಿಟಕಿಯ ಹಗ್ಗಕ್ಕೆ ಮಗುವಿನ ಬಟ್ಟೆ ಒಣಹಾಕುತ್ತಿದ್ದಳು. ಹಲ್ಲಿನ ನಡುವೆ ಬಟ್ಟೆ ಕ್ಲಿಪ್ಪುಗಳಿದ್ದವು. ಅವನ್ನು ಅಂಗೈಗೆ ಉಗಿದು ಶುರುಮಾಡಿದಳು.

“ಇದು ಚಡ್ಡಿ. ಚಡ್ಡಿಯ ಬಣ್ಣ ನೀಲಿ. ಚಡ್ಡಿ ಒದ್ದೆಯಾಗಿದೆ.”

ಕೆಳಗೆ ಕೂತಿದ್ದ ಮಗು ಆಕಳಿಸಿತು.

ಹೋದ ವರ್ಷ ಇದೇ ಮನೆಯವರು ಇದೇ ಬಾಯನ್ನು ಮುಚ್ಚಿಟ್ಟುಕೊಳ್ಳಲು ಸಂಬಳ ಕೊಡುತ್ತಿದ್ದರು. “ಮಗು ಮುಂದೆ ತುಟಿ ಬಿಚ್ಚಬೇಡ, ನಿಮ್ಮ ಭಾಷೆ ಅಂಟುತ್ತೆ” ಎಂದು ಅಮ್ಮಾವ್ರು ಮೊದಲ ದಿನವೇ ಹೇಳಿದ್ದರು, ಕಜ್ಜಿಯ ವಿಷಯ ಹೇಳಿದ ಹಾಗೆ. ಆಯಾ ಬಿಚ್ಚಲಿಲ್ಲ. ಅಮ್ಮಾವ್ರಿಗೂ ಯಜಮಾನರಿಗೂ ಪುರುಸೊತ್ತಿರಲಿಲ್ಲ. ಮಗುವಿಗೆ ಎರಡೂವರೆ ತುಂಬಿದರೂ ಬಾಯಿಂದ ‘ಊಂ’ ಬಿಟ್ಟು ಇನ್ನೊಂದು ಹೊರಡಲಿಲ್ಲ. ಡಾಕ್ಟರು ಕಿವಿ ನೋಡಿದರು, ನಾಲಗೆ ನೋಡಿದರು. “ಎಲ್ಲ ಸರಿಯಾಗಿದೆ. ದಿನವಿಡೀ ಯಾರಾದ್ರೂ ಇವನ ಹತ್ರ ಮಾತಾಡ್ತಾ ಇರಬೇಕು. ಅದೇ ಔಷಧಿ” ಅಂದರು.

ಆ ಮನೆಯಲ್ಲಿ ಔಷಧಿ ಕುಡಿಸುವುದು ಆಯಾಳ ಕೆಲಸ. ಸಂಬಳ ಅಷ್ಟೇ, ಕೆಲಸ ಒಂದು ಹೆಚ್ಚಾಯಿತು. ಬಂದ ಗಳಿಗೆಯಿಂದ ಹೋಗುವ ಗಳಿಗೆಯವರೆಗೆ ಮಾತಾಡಬೇಕು, ಅದೂ ಪುಸ್ತಕದಲ್ಲಿರುವ ಹಾಗೆ. ಸ್ವಲ್ಪ ಸದ್ದು ನಿಂತರೆ ಗೋಡೆ ಎಚ್ಚರಗೊಳ್ಳುತ್ತಿತ್ತು.

ಚಮಚ, ಬಕೆಟ್ಟು, ಬಾಗಿಲು ಎಲ್ಲ ಮುಗಿದ ಒಂದು ಮಧ್ಯಾಹ್ನ ಆಯಾಗೆ ರೋಸಿಹೋಯಿತು. ಕುಂಟಕೋಳಿಯ ಕಥೆ ತೆಗೆದಳು. ಮೊಟ್ಟೆ ಕದ್ದ ಧಣಿಯ ಬಾಗಿಲಿಗೆ ಹೋಗಿ, ಒಂಟಿಕಾಲಲ್ಲಿ ನಿಂತು ಜಗಳ ತೆಗೆಯುವ ಕೋಳಿ ಅದು. ಆಯಾಳೂ ಒಂಟಿಕಾಲಲ್ಲಿ ನಿಂತಳು. “ಲೇ ಧಣಿ! ನನ್ನ ಮೊಟ್ಟೆ ಕೊಡೋ ಮುಂಡೇಮಗನೇ! ಇಲ್ಲಾಂದ್ರೆ ನಿನ್ನ ಮೀಸೆ ಕಿತ್ತು ಗೂಡು ಕಟ್ತೀನಿ!”

ಮಗು ಬಾಯಿ ಬಿಟ್ಟುಕೊಂಡು ನೋಡಿತು. ಆಮೇಲೆ ಅದರ ಜೀವಮಾನದ ಮೊದಲ ಮಾತು ಹೊರಬಿತ್ತು.

“ಆಮೇಲೆ?”

ಅಂದಿನಿಂದ ಕೋಳಿ ದಿನಾ ಧಣಿಯ ಮನೆಗೆ ಹೋಗಬೇಕಾಯಿತು.

ಆದರೆ ಕೋಳಿ ಆ ಮನೆಯದಲ್ಲ, ಆಯಾಳ ಮಗಳದು. ಮಗಳು ಹಸುಗೂಸಾಗಿದ್ದಾಗ, ಊಟಕ್ಕೆ ಹಟ ಮಾಡಿದಾಗ ಆಯಾ ಅದನ್ನು ಹುಟ್ಟಿಸಿದ್ದಳು. ಈಗ ಮಗಳು ಒಂದನೇ ಕ್ಲಾಸು. ರಾತ್ರಿ ಆಯಾ ಮನೆ ಮುಟ್ಟುವ ಹೊತ್ತಿಗೆ ಗಂಟಲು ಉಜ್ಜುಕಾಗದವಾಗಿರುತ್ತಿತ್ತು. ಉಗುಳು ನುಂಗಿದರೂ ಕಣ್ಣಲ್ಲಿ ನೀರು. ತಗಡಿನ ಒಂಟಿ ಕೋಣೆಯಲ್ಲಿ ಸಂಸಾರ ಕೈಯಲ್ಲೇ ನಡೆಯುತ್ತಿತ್ತು: ತಟ್ಟೆ ಬಡಿದರೆ ಊಟ, ಚಾಪೆ ತಟ್ಟಿದರೆ ನಿದ್ದೆ, ಬೆರಳು ತಿರುಗಿಸಿದರೆ ದೀಪ ಆರಿಸು. ಮೊದಮೊದಲು ಮಗಳು “ಅಮ್ಮ, ಕೋಳಿ ಎಲ್ಲಿಗೆ ಹೋಯ್ತು?” ಎಂದು ಕೇಳುತ್ತಿದ್ದಳು. ಆಯಾ ಗಂಟಲು ಮುಟ್ಟಿ ತೋರಿಸಿ, ಕೈ ಮುಂದೆ ಚಾಚುತ್ತಿದ್ದಳು. ನಾಳೆ ಎಂದರ್ಥ. ನಾಳೆಗಳು ಸಾಕಷ್ಟಾದ ಮೇಲೆ ಮಗಳು ಕೇಳುವುದು ಬಿಟ್ಟಳು. ಬಾಯಿ ಇಲ್ಲದೆ ಬದುಕುವುದು ಸುಲಭವೆಂದು ಅವಳಿಗೂ ಗೊತ್ತಾಗಿತ್ತು.

ಸ್ಕೂಲಿಗೆ ಬರಬೇಕೆಂದು ಕರೆ ಬಂತು.

“ಮನೇಲಿ ಇವಳ ಹತ್ರ ಮಾತಾಡ್ತೀಯೋ ಇಲ್ವೋ?” ಎಂದರು ಟೀಚರು.

“ಆಡ್ತೀನಿ ಟೀಚರಮ್ಮ.” ಹರಿದ ಬಟ್ಟೆಯಂಥ ದನಿ.

“ಯಾವಾಗ?”

ಆಯಾ ಮಗಳ ಜಡೆ ಸರಿಮಾಡಿದಳು.

“ನಿಮ್ಮಂಥವರದ್ದೆಲ್ಲ ಇದೇ ಗೋಳು. ಹೆರೋಕೆ ಬರುತ್ತೆ, ಮಗೂನ ಎರಡು ಮಾತಾಡಿಸೋಕೆ ಬರಲ್ಲ. ಕ್ಲಾಸಲ್ಲಿ ಎಲ್ಲರೂ ಇವಳನ್ನ ಮೂಗಿ ಅಂತಾರೆ. ನಾನೂ ಅದೇ ಅಂತೀನಿ, ಇನ್ನೇನು ಅನ್ಲಿ? ಅಕ್ಷರ ಬರೀತಾಳೆ, ಕೇಳಿದ್ರೆ ಕೈ ಆಡಿಸ್ತಾಳೆ. ಶನಿವಾರ ಸ್ಕೂಲು ನೋಡೋಕೆ ಸಾಹೇಬ್ರು ಬರ್ತಾರೆ. ಪ್ರತಿ ಮಗೂನೂ ಎದ್ದು ನಿಂತು ಒಂದು ಕಥೆ ಹೇಳಬೇಕು. ಇವಳು ಹೇಳಲಿಲ್ಲ ಅಂದ್ರೆ ಮತ್ತೆ ಚಿಕ್ಕ ಮಕ್ಕಳ ಜೊತೆ ಕೂರಿಸ್ತೀನಿ. ಆಮೇಲೆ ನನ್ನ ಹತ್ರ ಅಳಬೇಡ.”

ಮೂಗಿ, ಅಮ್ಮನ ಸೆರಗಿನ ಮರೆಯಲ್ಲಿ, ಎರಡು ಬೆರಳು ನಡೆಸಿ ತೋರಿಸಿದಳು. ಹೋಗೋಣ ಬಾ.

ಮರುಸಂಜೆ ಅಮ್ಮಾವ್ರ ಮನೆಗೆ ನೆಂಟರು ಬಂದರು, ಡಾಕ್ಟರೂ ಬಂದರು. ಮಗುವನ್ನು ಕುರ್ಚಿಯ ಮೇಲೆ ನಿಲ್ಲಿಸಿ ಕಥೆ ಹೇಳಿಸಿದರು. ಅದು ಒಂದು ಕಾಲು ಎತ್ತಿ, ಸೊಂಟಕ್ಕೆ ಕೈಯಿಟ್ಟು, ಧಣಿಯ ಮೀಸೆ ಕೀಳುವವರೆಗೂ ಹೇಳಿತು. ಮುಂಡೇಮಗನನ್ನೂ ಬಿಡಲಿಲ್ಲ. ನೆಂಟರು ಹೊಟ್ಟೆ ಹಿಡಿದುಕೊಂಡು ನಕ್ಕರು. ದೊಡ್ಡ ಮನೆಯ ಮಗುವಿನ ಬಾಯಲ್ಲಿ ಬೈಗುಳವೂ ಜಾಣತನವೇ.

“ಎಷ್ಟು ಮಾತು ಕಲಿತಿದಾನೆ! ಏನು ಮಾಡಿದ್ರಿ?” ಎಂದರು ಡಾಕ್ಟರು.

“ಏನಿಲ್ಲ, ರಾತ್ರಿ ಎಷ್ಟೇ ಸುಸ್ತಾಗಿದ್ರೂ ನಾನೇ ಕೂತು ಕಥೆ ಹೇಳ್ತೀನಿ” ಎಂದರು ಅಮ್ಮಾವ್ರು. ಎದುರಿಗೇ ಲೋಟ ಎತ್ತುತ್ತಿದ್ದ ಆಯಾಳ ಕಡೆ ನೋಡಲೂ ಇಲ್ಲ. ಸುಳ್ಳನ್ನು ಅವಳೆದುರು ಮುಚ್ಚಿಡಬೇಕೆಂದು ಅವರಿಗೆ ಅನ್ನಿಸಿರಲೇ ಇಲ್ಲ.

ನೆಂಟರು ಹೋದ ಮೇಲೆ ಆಯಾ ಅಡುಗೆಮನೆ ಬಾಗಿಲಲ್ಲಿ ನಿಂತಳು. “ಅಮ್ಮಾವ್ರೇ, ಶನಿವಾರದವರೆಗೆ ಮಧ್ಯಾಹ್ನವೇ ಬಿಡ್ತೀರಾ? ಮಗಳು ಮಾತೇ ಆಡಲ್ಲ, ಅವಳಿಗೆ ಒಂದು ಕಥೆ ಹೇಳ್ಕೊಡಬೇಕು.”

“ಮಧ್ಯಾಹ್ನ ಬಿಟ್ರೆ? ಇವನ ಹತ್ರ ಗೋಡೆ ಮಾತಾಡುತ್ತಾ?”

“ಇಲ್ಲಾಂದ್ರೆ ಸ್ಕೂಲು ಬಿಟ್ಟ ಮೇಲೆ ಅವಳನ್ನ ಇಲ್ಲಿಗೇ ಕರ್ಕೊಂಡು ಬರ್ತೀನಿ. ಒಂದು ಮೂಲೇಲಿ ಕೂತು ಅವಳೂ ಕೇಳ್ಲಿ. ಹೇಗೂ ಹೇಳೋದು ಹೇಳ್ತಾನೇ ಇರ್ತೀನಲ್ಲ.”

ಅಮ್ಮಾವ್ರ ಹುಬ್ಬು ಮೇಲೇರಿತು. “ಅವಳು ಮಾತೇ ಆಡಲ್ಲ ಅಂತೀಯ. ಅದು ಇವನಿಗೆ ಅಂಟಿದ್ರೆ?”

ಮಾರನೆಯ ದಿನ ಆಯಾ ಹೊತ್ತಿಗೆ ಸರಿಯಾಗಿ ಬಂದಳು. ನೆಲ ಒರೆಸಿದಳು, ಮಗುವನ್ನು ಮೀಯಿಸಿದಳು, ತಲೆ ಬಾಚಿದಳು. ತುಟಿ ಮಾತ್ರ ಬಿಚ್ಚಲಿಲ್ಲ.

“ಆಯಾ, ಕೋಳಿ?” ಎಂದಿತು ಮಗು. ಆಯಾ ಅದರ ಕೆನ್ನೆ ಸವರಿದಳು.

ಗೋಡೆ ಎದ್ದಿತು. “ಯಾಕೆ ಸದ್ದಿಲ್ಲ?... ಏಯ್, ನಿನಗೇ ಹೇಳ್ತಿರೋದು! ಕಿವಿ ಕೇಳಿಸಲ್ವಾ?... ಮಾತಾಡೇ ಭಿಕಾರಿ!”

ಆಯಾ ಅನ್ನ ಕಲಸುತ್ತಲೇ ಇದ್ದಳು. ಮಗುವಿಗೆ ತಾಳ್ಮೆ ಇರಲಿಲ್ಲ. ಅದು ಕ್ಯಾಮೆರಾದ ಕೆಳಗೆ ಹೋಗಿ, ಒಂದು ಕಾಲು ಎತ್ತಿ, ಸೊಂಟಕ್ಕೆ ಕೈಯಿಟ್ಟು ಕತ್ತು ಮೇಲೆ ಮಾಡಿತು.

“ಲೇ! ಯಾಕೆ ಅರಚ್ತೀಯೋ ಮುಂಡೇಮಗನೇ? ಇವತ್ತು ಮೊಟ್ಟೆ ಇಲ್ಲ ಹೋಗೋ!”

ಗೋಡೆ ತಣ್ಣಗೆ ಹೇಳಿತು: “ಸಂಜೆ ನಾನು ಬರೋದ್ರೊಳಗೆ ನಿನ್ನ ಗಂಟುಮೂಟೆ ಕಟ್ಟಿರು.”

ಕಟ್ಟಲು ಗಂಟೇನಿರಲಿಲ್ಲ, ಒಂದು ಜೊತೆ ಚಪ್ಪಲಿ. ಸಂಜೆ ಅಮ್ಮಾವ್ರು ಬಾಗಿಲಿಗೆ ಅಡ್ಡ ನಿಂತು, ಏನು ಕೊಬ್ಬು, ಎಷ್ಟು ಸೊಕ್ಕು, ಇನ್ನು ಯಾವ ಮನೆಯಲ್ಲಿ ಸೇರಿಸ್ತಾರೆ ನೋಡ್ತೀನಿ ಎಂದೆಲ್ಲ ಕೂಗಾಡಿದರು. ಆಯಾ ಚಪ್ಪಲಿ ಮೆಟ್ಟಿಕೊಂಡು ಪಕ್ಕದಲ್ಲಿ ದಾಟಿದಳು. ಮೆಟ್ಟಿಲು ಇಳಿಯುವಾಗ ಮೇಲಿನಿಂದ ಮಗುವಿನ ದನಿ ಬಂತು. “ಆಯಾ! ಆಮೇಲೆ?” ಅದು ಅಳುತ್ತಿತ್ತು. ಆಯಾಳ ಕಾಲು ಒಂದು ಮೆಟ್ಟಿಲಲ್ಲಿ ನಿಂತಿತು. ಮತ್ತೆ ಇಳಿಯಿತು.

ಬೀದಿಯಲ್ಲಿ ತುಂಬಿದ ಕೊಡ ಹೊತ್ತವಳ ಹಾಗೆ ನಡೆದಳು. ಅಂಗಡಿಯವನು “ಏನಕ್ಕಾ, ಸೋಪು ಬೇಡ್ವಾ?” ಎಂದ. ತಲೆ ಅಲ್ಲಾಡಿಸಿದಳು. ನಲ್ಲಿ ಹತ್ತಿರದವಳು “ಇಷ್ಟು ಬೇಗ ಯಾಕೆ ಬಂದ್ಯೇ?” ಎಂದಳು. ಕೈ ಆಡಿಸಿ ಮುಂದೆ ನಡೆದಳು. ಮಾತಿನ ಒಂದು ಹನಿಯೂ ದಾರಿಯಲ್ಲಿ ಚೆಲ್ಲಬಾರದು.

ಮಗಳು ಹೊಸ್ತಿಲಲ್ಲಿ ಕೂತಿದ್ದಳು. ಅಮ್ಮನನ್ನು ಕಂಡು ಎದ್ದು ಒಳಗೆ ಹೋದಳು. ತಟ್ಟೆ ಬಡಿದಳು. ಬೇಡವೆಂದರೆ ಮಲಗು ಎನ್ನುವಂತೆ ಚಾಪೆ ತಟ್ಟಿದಳು. ಆಯಾ ಎದುರಿಗೆ ಕೂತು ಒಮ್ಮೆ ಉಗುಳು ನುಂಗಿ ನೋಡಿದಳು. ಉರಿ ಕಡಿಮೆಯಿತ್ತು.

“ಒಂದೂರಲ್ಲಿ ಒಂದು ಕುಂಟಕೋಳಿ ಇತ್ತಲ್ಲೇ, ಅದು ನಿನ್ನೆ ಏನು ಮಾಡ್ತು ಗೊತ್ತೇನೇ?”

ದನಿ ಇಡಿಯಾಗಿ ಬಂತು, ತಗಡಿಗೆ ತಾಗುವಷ್ಟು ಜೋರಾಗಿ.

ಮಗಳು ಬೆಚ್ಚಿ ಹಿಂದೆ ತಿರುಗಿದಳು, ಅಮ್ಮ ಯಾರ ಜೊತೆ ಮಾತಾಡುತ್ತಿದ್ದಾಳೆ ಎಂದು ನೋಡಲು.