ಎರಡು ಪಾದ ನೆರಳು

ಮೊದಲು ಧೂಳು ಕಂಡಿತು. ಆಮೇಲೆ ಗಂಟೆ ಕೇಳಿಸಿತು. ಆಮೇಲೆ ಒಂದು ನಾಯಿ ಬೊಗಳಿತು. ಮಾಳಿಗೆಯ ಮೇಲೆ ಮೆಣಸಿನಕಾಯಿ ಹರಡುತ್ತಿದ್ದ ದುಂಡವ್ವನ ಕೈ ಅಲ್ಲಿಯೇ ನಿಂತಿತು. ಆ ನಾಯಿಯ ದನಿ ಅವಳಿಗೆ ಗೊತ್ತಿತ್ತು. ಹೋದ ವರ್ಷ ಅದು ಮೂರು ದಿನ ಮಸಗುಪ್ಪಿಯ ಹೊಲಗಳಲ್ಲಿ ಬೊಗಳಿ, ಮಳೆ ಹಿಡಿದ ಕೂಡಲೇ ಹೊರಟುಹೋಗಿತ್ತು.

"ಅವ್ವಾ! ಬೀಗರು ಬಂದ್ರು!"

ಅಂಗಳದಲ್ಲಿ ಕುಳ್ಳು ತಟ್ಟುತ್ತಿದ್ದ ಗುಡ್ಡವ್ವ ಸಗಣಿಯ ಕೈಯನ್ನೇ ಹಣೆಗೆ ಅಡ್ಡ ಹಿಡಿದು ಮಗಳನ್ನು ನೋಡಿದಳು. "ಯಾವ ಬೀಗರ?"

"ನಿನಗ ಎಷ್ಟ ಮಂದಿ ಬೀಗರದಾರ?"

ಹುಕ್ಕೇರಿ ಕಡೆಯ ದಾರಿ ತುಂಬ ಕುರಿ. ಮುಂದೆ ಹೆಗಲ ಮೇಲೆ ಕಂಬಳಿ ಹಾಕಿಕೊಂಡ ಲಕ್ಕಪ್ಪ, ಅವನ ಹಿಂದೆ ಗಡಿಗೆ ಹೊತ್ತ ಎರಡು ತಟ್ಟು ಕುದುರೆ, ಹೆಂಗಸರು, ಕೂಸುಗಳು. ಎಲ್ಲರ ಹಿಂದೆ ಒಂದು ಸಿಳ್ಳು. ಸಿಳ್ಳು ಹಾಕಿದವನು ಲಕ್ಕಪ್ಪನ ಮಗ ಬೀರಸಿದ್ದಪ್ಪ. ದುಂಡವ್ವನಿಗೆ ಗೊತ್ತು ಮಾಡಿದ್ದ ಗಂಡು ಅವನೇ. ಅವಳು ಏಣಿಯ ಕೊನೆಯ ಮೂರು ಮೆಟ್ಟಿಲನ್ನು ಹಾರಿ ಇಳಿದಳು.

ಅವಳ ತಂದೆ ಹೊಳೆಪ್ಪ ಬಾಗಿಲಿಗೆ ಬಂದು ನಿಂತ. ಆರು ಅಡಿಯ ಆಳು. ತಲೆಯ ಮೇಲೆ ಗೇಣು ಎತ್ತರದ ರುಮಾಲು. ಅವನಿಗೆ ಓದು ಬಾರದು. ಆದರೆ ತಿಂಗಳಿಗೊಮ್ಮೆ ಜೋಶಿಯವರ ಮುಂದೆ ಕುಳಿತು ಪಂಚಾಂಗ ಓದಿಸಿ, ಮೂವತ್ತೂ ತಿಥಿಗಳನ್ನು ಬೆರಳ ಗೆಣ್ಣುಗಳಲ್ಲಿ ಹಿಡಿದಿಟ್ಟುಕೊಳ್ಳುತ್ತಿದ್ದ. ತಿಥಿ ಕೇಳದೆ ಅವನ ಮನೆಯಲ್ಲಿ ಬೀಜ ಹೊರಬೀಳುತ್ತಿರಲಿಲ್ಲ, ಎತ್ತಿಗೆ ಲಾಳ ಬೀಳುತ್ತಿರಲಿಲ್ಲ, ಯಾರೂ ಊರು ದಾಟುತ್ತಿರಲಿಲ್ಲ. ಹೊಳೆಪ್ಪನ ಎಮ್ಮೆ ನವಮಿಯ ದಿವಸ ಈಯಲು ಕುಳಿತರೆ ಆತ ಕರುವನ್ನು ದಶಮಿಯ ತನಕ ಒಳಗೇ ದಬ್ಬಿ ಹಿಡಿಯುತ್ತಾನೆ ಎಂದು ಊರವರು ನಗುತ್ತಿದ್ದರು.

"ಏನ್ರಿ ಬೀಗರ," ಲಕ್ಕಪ್ಪ ದೂರದಿಂದಲೇ ಕೂಗಿದ, "ಎಂಟ ದಿವಸಕ್ಕ ಲಗ್ನ, ಚಪ್ಪರಕ್ಕ ಒಂದ ಗೂಟಾನೂ ಹುಗದಿಲ್ಲ! ನಮ್ಮನ್ನ ಬಿಸಲಾಗ ಕುಂದರಸವ್ರೇನು?"

ಹೊಳೆಪ್ಪ ಬೆರಳು ಮಡಚಿ, ಬಿಡಿಸಿ, ಮತ್ತೆ ಮಡಚಿದ. "ಎಂಟ ದಿವಸಕ್ಕಲ್ರಿ. ಒಂದ ತಿಂಗಳ ಎಂಟ ದಿವಸಕ್ಕ."

"ಅಂದ್ರ?"

"ಈ ಚಿತ್ರಭಾನು ಸಂವತ್ಸರದಾಗ ಜ್ಯೇಷ್ಠ ಎರಡ ಅದಾವ. ಮೊದಲಿಂದು ಅಧಿಕ. ಅದರಾಗ ಲಗ್ನ ಮಾಡಂಗಿಲ್ಲ. ಎರಡನೇ ಜ್ಯೇಷ್ಠದ ಪಂಚಮಿಗೆ ನಮ್ಮ ಲಗ್ನ."

ಲಕ್ಕಪ್ಪ ತನ್ನವರ ಕಡೆ ತಿರುಗಿ ನೋಡಿದ. ಯಾರೂ ನಗಲಿಲ್ಲ. "ನಮ್ಮ ಹಿಂಡಿನ ಮ್ಯಾಲ ಬರೂ ಚಂದ್ರ ಒಬ್ಬನ ನೋಡ್ರಿ. ಯುಗಾದಿ ಚಂದ್ರ ಒಂದ. ಅದರ ಮುಂದಿನವ ಎರಡ. ಈಗ ಅಮಾಸಿ ಆದ ಮ್ಯಾಲ ಬರಾವ ಮೂರ. ಮೂರನೇ ಚಂದ್ರಂದ ಐದನೇ ದಿನ ಅಂತ ನೀವ ಮಾತ ಕೊಟ್ರಿ. ನಾ ಒಂದ ದಿನಾನೂ ತಪ್ಪಸಿ ಎಣಿಸಿಲ್ಲ."

ಅವನ ಎಣಿಕೆ ತಪ್ಪಿರಲಿಲ್ಲ. ಚಂದ್ರನ ಹನ್ನೆರಡು ತಿಂಗಳು ವರ್ಷಕ್ಕೆ ಹನ್ನೊಂದು ದಿನ ಕಡಿಮೆ ಬೀಳುತ್ತವೆ. ಆ ಕೊರತೆ ತುಂಬಲು ಪಂಚಾಂಗ ಎರಡೂವರೆ ವರ್ಷಕ್ಕೋ ಮೂರು ವರ್ಷಕ್ಕೋ ಒಂದು ಹೆಚ್ಚಿನ ತಿಂಗಳನ್ನು ಸೇರಿಸುತ್ತದೆ. ಆದರೆ ಆಕಾಶದಲ್ಲಿ ಅದಕ್ಕೆ ಗುರುತಿಲ್ಲ. ಅಧಿಕದ ಚಂದ್ರನೂ ನಿಜದ ಚಂದ್ರನೂ ಕುರುಬನ ಕಣ್ಣಿಗೆ ಒಂದೇ ಕುಡುಗೋಲು.

"ತಿಂಗಳ ಮಟ ಇಲ್ಲೇ ಇರ್ರಿ. ಊಟಕ್ಕೇನ ಕಡಿಮಿ ಇಲ್ಲ," ಎಂದ ಹೊಳೆಪ್ಪ.

"ನಾವ ಇರ್ತೇವ್ರಿ. ಕುರಿ ಇರಬೇಕಲ್ಲ? ಮಿರಗದ ಮಳಿ ಬಿದ್ದ ಮ್ಯಾಲ ಈ ಎರಿ ಹೊಲದ ರಾಡಿಯಾಗ ನಿಂತ್ರ ಅವುಗಳ ಗೊರಸ ಕೊಳೀತಾವ. ಮಳಿ ಮೊದಲ ನಾವ ಮೂಡಣದ ಕಲ್ಲನೆಲ ಮುಟ್ಟಬೇಕ. ಹ್ವಾದ ವರ್ಷ ನೋಡಿದ್ರಲ್ಲ? ಈಗ ಹ್ವಾದ್ರ ದೀಪಾವಳಿಗೇ ಬರೂದು."

ಕಟ್ಟೆಯ ಮೇಲೆ ಎಲೆ ಅಡಿಕೆ ಅಗಿಯುತ್ತಿದ್ದ ಸತ್ತೆವ್ವ ಈಗ ಎದ್ದು ನಿಂತಳು. ಕೊಣ್ಣೂರಿಗೆ ಕೊಟ್ಟಿದ್ದ ಹೊಳೆಪ್ಪನ ತಂಗಿ ಅವಳು. ಗಿರಣಿಯಲ್ಲಿ ಕೆಲಸಕ್ಕಿದ್ದ ಮಗನಿಗೆ ದುಂಡವ್ವನನ್ನು ತಂದುಕೊಳ್ಳಬೇಕೆಂದು ಎರಡು ವರ್ಷದಿಂದ ಗಂಟು ಬಿದ್ದಿದ್ದಳು. "ಅಣ್ಣಾ, ನೀ ಆಡಿದ ಮಾತ ನೆನಪೈತಲ್ಲ? ಈ ಜ್ಯೇಷ್ಠ ಮುಗಿಯೂದ್ರಾಗ ಲಗ್ನ ಆಗಲಿಲ್ಲಂದ್ರ ಹುಡುಗಿ ನನ್ನ ಮನಿಗೆ. ನನ್ನ ಮಗಗ ತಿಂಗಳಾ ಪಗಾರ ಬರತೈತಿ. ಅಧಿಕ ಬರಲಿ ಗಿಧಿಕ ಬರಲಿ."

"ಆಡೀನಿ," ಎಂದ ಹೊಳೆಪ್ಪ. ಮಾತು ತಿಥಿಯಷ್ಟೇ ಗಟ್ಟಿ ಎಂದು ತಿಳಿದವನು. ಆಮೇಲೆ ಏನೋ ನೆನಪಾಗಿ ಲಕ್ಕಪ್ಪನ ಕಡೆ ತಿರುಗಿದ. "ಅಲ್ರಿ, ಯುಗಾದಿ ಆದ ಮ್ಯಾಲ ಕಂಬಳಿ ಮಾರೂ ಪರಪ್ಪನ ಕೂಡ ಹೇಳಿ ಕಳಿಸಿದ್ದೆನಲ್ಲ? ಈ ವರ್ಷ ಎರಡನೇ ಜ್ಯೇಷ್ಠಕ್ಕ ಬರ್ರಿ ಅಂತ?"

"ಪರಪ್ಪ ಬಂದಿದ್ದ. ಬೀಗರು ಆರಾಮ ಅದಾರ, ಮದಿಮಗಳು ಎರಡ ಚರಿಗಿ ಮಜ್ಜಿಗಿ ಕೊಟ್ಟಳು ಅಂದ. ಮತ್ತೇನೂ ಅನಲಿಲ್ಲ."

ಹೊಳೆಪ್ಪ ಅಂದು ಹೊಲದಲ್ಲಿದ್ದ. ಪರಪ್ಪ ಬಂದರೆ ಹೇಳು ಎಂದು ಮಗಳಿಗೆ ಒಪ್ಪಿಸಿ ಹೋಗಿದ್ದ. ಈಗ ಅವನು ನಿಧಾನವಾಗಿ ಅವಳ ಕಡೆ ತಿರುಗಿದ. ದುಂಡವ್ವ ಕಾಲ ಹೆಬ್ಬೆರಳಿನಿಂದ ನೆಲ ಗೀರುತ್ತಿದ್ದಳು.

"ಹೇಳಲಿಲ್ಲೇನ?"

"ಮಜ್ಜಿಗಿ ಕೊಟ್ಟೆ," ಎಂದಳು.

"ಮಜ್ಜಿಗಿ ಕೇಳಲಿಲ್ಲ ನಾ!"

ಅವಳು ತಲೆಯೆತ್ತಿದಳು. ಈ ಗಳಿಗೆಗಾಗಿ ಯುಗಾದಿಯಿಂದ ಕಾದಿದ್ದಳು, ಒಲೆಯ ಮುಂದೆ, ಬಾವಿಯ ದಂಡೆಯಲ್ಲಿ, ತಂದೆ ಬೆರಳು ಮಡಚುವಾಗಲೆಲ್ಲ ತಾನೂ ಸೆರಗಿನೊಳಗೆ ಬೆರಳು ಮಡಚುತ್ತ. "ಎರಡನೇ ಜ್ಯೇಷ್ಠದಾಗ ಮಳಿ ಬರತೈತಿ ಅಂತ ನನಗ ಗೊತ್ತಿತ್ತ ಅಪ್ಪಾ. ಹೇಳಿ ಕಳಿಸಿದ್ರ ಅವ್ರು ಈಚಿ ಕಡೆ ಬರತಿದ್ದಿಲ್ಲ, ನೆಟ್ಟಗ ಮೂಡಣಕ್ಕ ಹೋಗತಿದ್ರ. ಬೈದ್ರ ಆಮ್ಯಾಲ ಬೈ. ಇವತ್ತ ವೈಶಾಖ ಬಹುಳ ದ್ವಾದಶಿ. ನಾಳೆ ಬುಧವಾರ ತ್ರಯೋದಶಿ. ಶುಕ್ರವಾರ ಅಮಾಸಿ. ಅಮಾಸಿ ದಾಟೂ ತನಕಾ ಅಧಿಕ ಹುಟ್ಟಂಗಿಲ್ಲ. ವೈಶಾಖದಾಗ ಲಗ್ನ ಆಗ್ತಾವಿಲ್ಲೋ?"



"ಚತುರ್ದಶಿ, ಅಮಾಸಿ ಬರಂಗಿಲ್ಲ," ಎಂದ ಹೊಳೆಪ್ಪ. ಬೆರಳುಗಳು ತಾವಾಗಿಯೇ ಆಡತೊಡಗಿದ್ದವು.

"ಅದಕ್ಕ ನಾಳೆ ಅಂದೆ."

"ಯವ್ವಾ!" ಎಂದಳು ಗುಡ್ಡವ್ವ. "ನಾಳೇನ?"

ಜೋಶಿಯವರನ್ನು ಕರೆಯಲು ಹೋದವರು ಅವರನ್ನು ಅರ್ಧ ಊಟದಿಂದ ಎಬ್ಬಿಸಿಕೊಂಡು ಬಂದರು. ಜೋಶಿಯವರು ಪಂಚಾಂಗವನ್ನು ಮೂಗಿಗೆ ತಾಗಿಸಿ ಓದಿದರು. "ನಾಳೆ ಅಶ್ವಿನಿ ನಕ್ಷತ್ರ. ತ್ರಯೋದಶಿ ಹತ್ತೊಂಬತ್ತು ಘಳಿಗೆ. ಅಂದ್ರ ಮಧ್ಯಾಹ್ನ ತಿರುಗಿ, ನಿಂತವನ ನೆರಳು ಎರಡು ಪಾದ ಆಗೋ ತನಕಾ. ಭಾಳ ದೊಡ್ಡ ಮುಹೂರ್ತ ಅಲ್ಲ. ಖರೆ, ಕೆಟ್ಟದ್ದೂ ಅಲ್ಲ."

"ಅಷ್ಟರಾಗ ನಮ್ಮ ಹಣಮಂತ ಹೆಂಗ ಬರತಾನ?" ಗುಡ್ಡವ್ವ ಹಟ ಹಿಡಿದಳು. "ಸೋದರಮಾವ ಬರದ ಹೊರತು ನನ್ನ ಮಗಳ ಮ್ಯಾಲ ಅಕ್ಕಿಕಾಳ ಬೀಳಂಗಿಲ್ಲ. ಮಮದಾಪುರ ಅಂದ್ರ ಹೊಳಿ ಆಚಿ. ಇದ್ದ ಚಕ್ಕಡಿ ಎಲ್ಲಾ ಮುದಲಗಿಗೆ ಸಂತಿ ಮಾಡಾಕ ಹೋಗಬೇಕ. ಯಾರ ಹೋಗ್ತೀರಿ?"

"ನಾ ಹೋಗತೇನ್ರಿ," ಎಂದಿತು ಹಿಂದಿನಿಂದ ಒಂದು ದನಿ.

ಎಲ್ಲರೂ ತಿರುಗಿದರು. ಬೀರಸಿದ್ದಪ್ಪ ಆಗಲೇ ಕೋಲನ್ನು ತಮ್ಮನ ಕೈಗೆ ಕೊಟ್ಟು, ಧೋತರ ಮೊಣಕಾಲ ಮೇಲೆ ಕಟ್ಟುತ್ತಿದ್ದ.

"ಮದಿಮಗ ಓಡತಾನಂತ!" ಸತ್ತೆವ್ವ ಚಪ್ಪಾಳೆ ತಟ್ಟಿದಳು. "ಹೊಳ್ಳಿ ಬರಲಿಲ್ಲಂದ್ರ?"

"ಬರಲಿಲ್ಲಂದ್ರ ನಿಮ್ಮ ಮಗಗ ಪಗಾರ ಅಂತೂ ಬರತೈತಲ್ರಿ," ಎಂದ ಅವನು. ಒಮ್ಮೆ, ಒಂದೇ ಒಮ್ಮೆ, ದುಂಡವ್ವನ ಕಡೆ ನೋಡಿದ. ಮಜ್ಜಿಗೆಯ ಸುದ್ದಿ ಕೇಳಿ ಅವನ ಮುಖದ ತುಂಬ ನಗು ಹರಡಿತ್ತು. ಮರುಗಳಿಗೆ ಅವನ ಬೆನ್ನಷ್ಟೇ ಕಂಡಿತು. ಆಮೇಲೆ ಧೂಳು.

ಆ ದಿನ ಮಸಗುಪ್ಪಿಗೆ ಹುಚ್ಚು ಹಿಡಿಯಿತು. ಚಕ್ಕಡಿಗಳು ಮುದಲಗಿಗೆ ಹಾರಿದವು. ಅಕ್ಕಿ, ಬೆಲ್ಲ, ಬಳೆ, ಹಸಿರು ಸೀರೆ ಹೊತ್ತು ತಿರುಗಿ ಹಾರಿದವು. ಒಂದು ಗೂಟ ಇಲ್ಲದ ಅಂಗಳದಲ್ಲಿ ಹದಿನಾರು ಗೂಟ ನಿಂತವು. ಬಾಜೂ ಮನೆಯ ರಾಚಪ್ಪ, ಲಿಂಗವಂತರ ಗೃಹಸ್ಥ, ತನ್ನ ಮನೆಯ ಎರಡು ದೊಡ್ಡ ಹಂಡೆಗಳನ್ನು ತಾನೇ ಉರುಳಿಸಿಕೊಂಡು ಬಂದ. "ನಮಗ ಎಲ್ಲಾ ದಿವಸಾನೂ ಒಳ್ಳೇವ ಹೊಳೆಪ್ಪಣ್ಣ," ಎಂದು ಕೆಣಕಿದ. "ನಿನಗ ಇರೂದು ಅರ್ಧಾ ದಿವಸ. ಲಗು ಮಾಡು!" ಹೆಂಗಸರು ಬೀಸುತ್ತ ಹಾಡಿದರು, ಹಾಡುತ್ತ ಜಗಳಾಡಿದರು. ದುಂಡವ್ವನ ಮೈಗೆ ಅರಿಷಿಣ ಹಚ್ಚಿದವರು ಅವಳ ತೋಳು ಬೆಂಕಿಯಂತೆ ಬಿಸಿಯಾಗಿದೆ ಎಂದರು. ಜ್ವರ ಅಲ್ಲ, ಎಂದಳು ಅವಳು, ಓಡಿದ ಹಾಗೆ ಆಗುತ್ತಿದೆ. ಖರೆ, ಅವಳು ನಿಂತಲ್ಲೇ ಓಡುತ್ತಿದ್ದಳು. ಈಗ ಗೋಕಾಕದ ದಾರಿ. ಈಗ ಘಟಪ್ರಭೆಯ ಬೇಸಿಗೆಯ ನೀರು, ಮೊಣಕಾಲ ಮಟ. ಈಗ ಆಚೆ ದಂಡೆ.

ಬುಧವಾರ ಸೂರ್ಯ ನೆತ್ತಿಗೆ ಬಂದ. ಬೀರಸಿದ್ದಪ್ಪ ಬರಲಿಲ್ಲ.

ಜೋಶಿಯವರು ಚಪ್ಪರದ ಹೊರಗೆ ಸಪಾಟು ನೆಲ ಹುಡುಕಿ ಹೊಳೆಪ್ಪನನ್ನು ನಿಲ್ಲಿಸಿದರು. "ಅಲುಗಬ್ಯಾಡ. ಇವತ್ತ ನೀನೇ ಗಡಿಯಾರ." ಅವನ ಪಾದದಿಂದಲೇ ಎರಡು ಪಾದ ಅಳೆದು, ಪೂರ್ವಕ್ಕೆ ಸುಣ್ಣದ ಒಂದು ಗೆರೆ ಎಳೆದರು. ರುಮಾಲಿನ ನೆರಳು ಆ ಗೆರೆ ಮುಟ್ಟಿದರೆ ತ್ರಯೋದಶಿ ಮುಗಿಯಿತು.

ಹೊಳೆಪ್ಪ ಕಂಬದಂತೆ ನಿಂತ. ನೆರಳು ಅವನ ಕಾಲಡಿಯಲ್ಲಿ ಮುದುಡಿಕೊಂಡಿತ್ತು. ಆಮೇಲೆ ಪೂರ್ವಕ್ಕೆ ಇಣುಕಿತು. ಅರ್ಧ ಪಾದ. ಒಂದು ಪಾದ. ಊರೆಲ್ಲ ಆ ನೆರಳಿನ ಸುತ್ತ ಕುಕ್ಕರಿಸಿತ್ತು, ಹಾವು ಕಂಡವರ ಹಾಗೆ. ದುಂಡವ್ವ ಬಾಸಿಂಗ ಕಟ್ಟಿಕೊಂಡು ಚಪ್ಪರದ ಅಂಚಿನಲ್ಲಿ ನಿಂತು ನೆರಳನ್ನೊಮ್ಮೆ, ದಾರಿಯನ್ನೊಮ್ಮೆ ನೋಡುತ್ತಿದ್ದಳು. ಒಂದೂವರೆ.

"ನನ್ನ ಮಗನ್ನ ಕರಿಸಲೇನ ಅಣ್ಣಾ?" ಎಂದಳು ಸತ್ತೆವ್ವ. "ಅಡಿಗಿ ಅಂತೂ ಆಗೇತಿ."

ಗೆರೆಗೆ ಇನ್ನು ನಾಲ್ಕು ಬೆರಳು. ಆಗ ನಾಯಿ ಬೊಗಳಿತು.

ದಾರಿಯ ತಿರುವಿನಲ್ಲಿ ಒಂದು ವಿಚಿತ್ರ ಪ್ರಾಣಿ ಕಂಡಿತು. ಎರಡು ತಲೆ, ಎರಡು ಕಾಲು. ಬೀರಸಿದ್ದಪ್ಪನ ಬೆನ್ನ ಮೇಲೆ ಸೋದರಮಾವ ಹಣಮಂತ ಕುಳಿತಿದ್ದ. ದಪ್ಪನೆಯ ಮನುಷ್ಯ, ಒಂದು ಕೈಯಲ್ಲಿ ಚಪ್ಪಲಿ, ಇನ್ನೊಂದು ಕೈಯಲ್ಲಿ ಮದುವೆಯ ಉಡುಗೊರೆ ಆಹೇರಿನ ಗಂಟು. "ಕಾಲ ಬೊಕ್ಕಿ ಎದ್ದಾವ್ರೋ!" ಎಂದು ಕೂಗುತ್ತಿದ್ದ. "ಇಳಸೋ ಮಾರಾಯಾ ಅಂದ್ರ ಇಳಸವಲ್ಲ! ಕುರಿ ಹೊತ್ತಂಗ ಹೊತಗೊಂಡ ಬಂದಾನ!"

ಊರಿಗೆ ಊರೇ ಎದ್ದು ಕೂಗಿತು. ಯಾರೋ ಮದುಮಗನ ತಲೆಯ ಮೇಲೆ ಒಂದು ಕೊಡ ನೀರು ಸುರಿದರು, ಯಾರೋ ಮುಖಕ್ಕೆ ಅರಿಷಿಣ ಬಳಿದರು, ಯಾರೋ ಒದ್ದೆ ಕೂದಲ ಮೇಲೆಯೇ ಬಾಸಿಂಗ ಕಟ್ಟಿದರು. ಗಂಟು ಬಿಗಿಯಲಿಲ್ಲ. ಬಿಚ್ಚಿದರು. ಮತ್ತೆ ಕಟ್ಟಿದರು.

"ಮುಟ್ಟಿತು!" ಸತ್ತೆವ್ವ ಚೀರಿದಳು. "ಅಣ್ಣಾ, ಮುಟ್ಟಿತು!"

ರುಮಾಲಿನ ನೆರಳು ಸುಣ್ಣದ ಗೆರೆಯ ಮೇಲೆ ಕುಳಿತಿತ್ತು.

ಹೊಳೆಪ್ಪ ಗೆರೆಯನ್ನು ನೋಡಿದ. ಆಮೇಲೆ ಮಗಳನ್ನು ನೋಡಿದ. ಐವತ್ತು ವರ್ಷ ಅವನು ಒಂದು ತಿಥಿಗೂ ಮೋಸ ಮಾಡಿದವನಲ್ಲ. ಮತ್ತು ಮೀಸೆ ಮೂಡಿದಾಗಿನಿಂದ ಅವನ ಬರಿಯ ತಲೆಯನ್ನು ಕಂಡವರು ಹೆಂಡತಿ ಮತ್ತು ಹಜಾಮ ಇಬ್ಬರೇ. ಬೀಗರ ಮುಂದೆ ಬರಿದಲೆಯಲ್ಲಿ ನಿಲ್ಲುವುದೆಂದರೆ ಗಂಡಸಿಗೆ ಮರ್ಯಾದೆ ಹೋದ ಹಾಗೆ.

ಅವನು ಎರಡೂ ಕೈ ಎತ್ತಿ ರುಮಾಲನ್ನು ತಲೆಯಿಂದ ತೆಗೆದ.

ನೆರಳು ಗೆರೆ ಬಿಟ್ಟು ಮೂರು ಬೆರಳು ಹಿಂದಕ್ಕೆ ಸರಿಯಿತು.

"ಭಾಳ ಶೆಕಿ," ಎಂದ ಹೊಳೆಪ್ಪ. ಬೋಳು ತಲೆ ಬಿಸಿಲಿಗೆ ತಂಬಿಗೆಯಂತೆ ಹೊಳೆಯುತ್ತಿತ್ತು.

ಜೋಶಿಯವರು ಬಗ್ಗಿ ಗೆರೆ ನೋಡಿದರು. ಹೊಳೆಪ್ಪನ ತಲೆ ನೋಡಿದರು. ಕೆಮ್ಮಿದರು. "ಇನ್ನೂ ಮುಟ್ಟಿಲ್ಲ," ಎಂದರು. "ಏ, ಅಂತರಪಟ ಹಿಡೀರೋ! ಏನ ನೋಡ್ತೀರಿ ಅವನ ತಲಿ!"

ಅಕ್ಕಿಕಾಳು ಮಳೆಯಂತೆ ಬಿದ್ದವು. ಅಂತರಪಟ ಸರಿದಾಗ ದುಂಡವ್ವನಿಗೆ ಮೊದಲು ಕಂಡದ್ದು ಅರಿಷಿಣವೂ ಬೆವರೂ ಒಟ್ಟಿಗೆ ಇಳಿಯುತ್ತಿದ್ದ ಗಂಡನ ಮುಖ. ಅದರ ಹಿಂದೆ, ಬಿಸಿಲಿನಲ್ಲಿ ಇನ್ನೂ ಅಲುಗದೆ ನಿಂತಿದ್ದ ತಂದೆ. ಸತ್ತೆವ್ವ ಕೂಡ ಒಂದು ಮುಷ್ಟಿ ಅಕ್ಕಿ ಎಸೆದಳು, ಸ್ವಲ್ಪ ಜೋರಾಗಿಯೇ.

ಅಮಾವಾಸ್ಯೆ ಕಳೆದ ಮರುದಿನ ಬೆಳಿಗ್ಗೆ ಹಿಂಡು ಮೂಡಣಕ್ಕೆ ಹೊರಟಿತು. ಹೊಳೆಪ್ಪ ಊರ ಹೊರಗಿನ ಹುಣಸೆಮರದ ತನಕ ಬಂದ. ರುಮಾಲು ಮತ್ತೆ ತಲೆಯ ಮೇಲಿತ್ತು. ಮಜ್ಜಿಗೆಯ ಮಾತನ್ನು ಅವನು ಎತ್ತಿರಲಿಲ್ಲ, ರುಮಾಲಿನ ಮಾತನ್ನು ದುಂಡವ್ವ ಎತ್ತಿರಲಿಲ್ಲ.

"ನಾಗರ ಪಂಚಮಿಗೆ ಕರಿಯಾಕ ಬರತೇನಿ," ಎಂದ. "ಈ ವರ್ಷ ಶ್ರಾವಣ ಒಂದ ತಿಂಗಳ ತಡಾ ಬರತೈತಿ. ಅಧಿಕ ಹಿಡದ ಎಣಸಬೇಕ. ನಿನ್ನ ಮಾವನ ಎಣಿಕಿ ನಂಬಬ್ಯಾಡ."

"ಎಣಿಕಿ ತಪ್ಪಿ ನಾ ಒಂದ ತಿಂಗಳ ಮೊದಲ ಬಂದ್ರ?"

ಹೊಳೆಪ್ಪ ಬೆರಳು ಮಡಚಲು ಹೋದ. ಮಡಚಲಿಲ್ಲ. ಆ ಕೈಯಿಂದ ರುಮಾಲನ್ನು ಒಮ್ಮೆ ಮುಟ್ಟಿ ನೋಡಿಕೊಂಡ.

"ಬಾ," ಎಂದ. "ಶೆಕಿ ಇರತೈತಿ. ತಗದ ಕುಂದರತೇನಿ."