ಕುಬುಸದ ಉಡಿ

ಹಿಟ್ಲರನ ಯುದ್ಧ ಸುರುವಾದ ವರ್ಷ ಬೇವೂರಿನ ಕೆರೆಗೆ ಹೊಸ ಒಡ್ಡು ಕಟ್ಟಲು ನಿಜಾಮ ಸರ್ಕಾರದ ಗುತ್ತಿಗೆ ಹಿಡಿದವನು ಕುಬೇರಪ್ಪ. ಕೆಲಸ ನೋಡಿ ಪಾಸು ಮಾಡಬೇಕಾದವನು ಓವರ್‌ಸಿಯರ್ ಉಮಾಪತಿ. ಈ ಉಮಾಪತಿ ಗುತ್ತೇದಾರರ ಮನೆಯ ನೀರನ್ನೂ ಮುಟ್ಟದ ಆಸಾಮಿ. ಮಾವಿನಹಣ್ಣು ಕಳಿಸಿದರೆ ಬುಟ್ಟಿ ಬಂದ ದಾರಿಯಲ್ಲೇ ಹಿಂದಿರುಗುತ್ತಿತ್ತು. ಅಂಥವನ ಕೈ ಬೆಚ್ಚಗೆ ಮಾಡುವುದು ಹೇಗೆ? ಯಾರೂ ಹಿಂದಿರುಗಿಸಲಾಗದ ದಾರಿಯೊಂದನ್ನು ಕುಬೇರಪ್ಪ ಹುಡುಕಿದ.

ಉಮಾಪತಿಯ ಮಗಳು ಪಂಪಾವತಿ ಚೊಚ್ಚಲ ಬಸುರಿ. ಸೀಮಂತದ ಕುಬುಸ ತೊಡಿಸುವ ದಿನ ಕುಬೇರಪ್ಪನ ಹೆಂಡತಿ ಹುಲಗಮ್ಮ ಬಂದು ಅಕ್ಕಿ, ಕೊಬ್ಬರಿ, ರವಿಕೆಯ ಕಣದಿಂದ ಅವಳ ಉಡಿ ತುಂಬಿ ಹರಸಿ ಹೋದಳು. ಅದು ಹೆಂಗಸರ ಕಾರ್ಯ. ಗಂಡಸರು ಹೊರಗಿನ ಕಟ್ಟೆಯ ಮೇಲೆ ಎಲೆಅಡಿಕೆ ಜಗಿಯುತ್ತ ಕೂತಿದ್ದರು, ಉಮಾಪತಿ ಬೇಡವೆನ್ನಲಿಲ್ಲ. ಸಂಜೆ ದಾರ ಸುತ್ತಿದ ಕೊಬ್ಬರಿ ಬಟ್ಟಲು ಬಿಚ್ಚಿದರೆ ಒಳಗೆ ಬಂಗಾರದ ಪುತಳಿ ಸರ.

ಇಷ್ಟು ಬಂಗಾರ ಏನನ್ನು ಮುಚ್ಚಲಿಕ್ಕೆ ಎಂದು ಉಮಾಪತಿಗೆ ಸಂಶಯ ಬಂತು. ಮರುದಿನ ಒಡ್ಡಿನ ಅಳತೆಗೆ ಹೋದವನು ಕಲ್ಲಿನ ಸಂದಿಗೆ ಬೆರಳಿಟ್ಟ. ಸುಣ್ಣ ಇರಬೇಕಾದಲ್ಲಿ ಬರೀ ಕೆರೆಯ ಮಣ್ಣು. ಒಡ್ಡಿನ ಕೆಳಗೇ ಕೂಲಿಯವರ ಗುಡಿಸಲುಗಳು.

"ನಾಳೆ ಯಲಬುರ್ಗಿಗೆ ಹೋಗಿ ತಹಶೀಲ್ದಾರ ಸಾಹೇಬರಿಗೆ ಹೇಳ್ತೀನಿ," ಎಂದ ಮನೆಗೆ ಬಂದು.

ಹೆಂಡತಿ ಕಳಕಮ್ಮ ಅತ್ತೇಬಿಟ್ಟಳು. "ತುಂಬಿದ ಉಡಿ ಹೊಳ್ಳಿ ಕೊಟ್ಟವರು ಯಾರದಾರ್ರಿ? ಹೊಟ್ಟ್ಯಾಗಿನ ಕೂಸಿಗೆ ಏನರ ಆದ್ರ?"

ಅವನಿಗೂ ಅದೇ ಹೆದರಿಕೆ. ನಾಲ್ಕಕ್ಷರ ಓದಿದ್ದರೇನು, ಅವನೂ ಆ ನೆಲದ ಮಗನೇ. ಪಂಪಾವತಿ ಉಡಿಯ ಅಕ್ಕಿ ಬೇಯಿಸಿ ಉಂಡಳು.

"ಉಡಿ ನಾನು ಉಂಡೀನಪ್ಪ. ಬಂಗಾರ ತಗೊಂಡು ನಡಿ, ನಾನೂ ಬರ್ತೀನಿ."

ದೂರು ಕೇಳಿ ತಹಶೀಲ್ದಾರರು ಕರೆಸಿದಾಗ ಕುಬೇರಪ್ಪ ಅವರ ಮುಂದೆ ನಕ್ಕ. "ಹೆಂಗಸರ ಪ್ರೀತಿಗೆ ರುಷುವತ್ತು ಅಂತಾರಲ್ರಿ ಸಾಹೇಬ್ರ! ನನ್ನ ಹೆಂಡ್ತಿ ತನ್ನ ಸರ ತಾನಽ ಕೊಟ್ಟಾಳ. ಹೊರಗ ಬಂಡ್ಯಾಗ ಅದಾಳ, ಕೇಳ್ರಿ ಬೇಕಾದ್ರ."

ಅವಳು ಹೌದೆಂದರೆ ದೂರು ಸುಳ್ಳಾಗಿ ಉಮಾಪತಿಯ ನೌಕರಿ ಹೋಗುತ್ತಿತ್ತು. ಅವನ ಜಾಗಕ್ಕೆ ಬರುವವನು ಕಲ್ಲಿನ ಸಂದಿಗೆ ಬೆರಳಿಡುತ್ತಾನೆಂಬ ಭರವಸೆ ಯಾರಿಗಿತ್ತು?

ಹುಲಗಮ್ಮ ತಲೆತುಂಬ ಸೆರಗು ಹೊದ್ದು ಒಳಗೆ ಬಂದಳು. ಗಂಡನ ಕಡೆ ನೋಡಲಿಲ್ಲ, ಸಾಹೇಬರ ಕಡೆಯೂ ನೋಡಲಿಲ್ಲ. ನೇರ ಪಂಪಾವತಿಯ ಹತ್ತಿರ ಹೋಗಿ ಅವಳ ಹೊಟ್ಟೆಯ ಮೇಲೆ ಕೈಯಿಟ್ಟು ನಿಂತಳು.

"ಅಕ್ಕಿ ನಂದ್ರಿ, ಹರಕಿ ನಂದು. ಕೊಬ್ಬರಿಗೆ ದಾರ ಸುತ್ತಿ ಕೊಟ್ಟವರು ಇವರು. ಒಳಗ ಏನಿತ್ತಂತ ನನಗ ಇವತ್ತ ಬಂಡ್ಯಾಗ ತಿಳೀತು. ನಾನಽ ಇಟ್ಟೀನಿ ಅನ್ನು ಅಂದಾರ. ಈ ಕೂಸಿನ ಮ್ಯಾಲೆ ಹೆಂಗ ಸುಳ್ಳು ಹೇಳ್ಲಿ?"

ಕುಬೇರಪ್ಪನ ಮುಖ ಸುಟ್ಟ ಬದನೆಕಾಯಿಯಾಯಿತು. ಒಡ್ಡು ಕಿತ್ತು ಕಟ್ಟಿಸಬೇಕು, ಗುತ್ತಿಗೆ ರದ್ದು ಎಂದು ಹುಕುಂ ಆಯಿತು. ಅವನು ಹೊರಗೆ ಹೋಗಿ, ಹೆಂಡತಿಯನ್ನು ಬಿಟ್ಟು ಬಂಡಿ ಹೊಡೆಸಿಕೊಂಡು ಹೊರಟೇಹೋದ.

ಗೆದ್ದೆ ಎಂದು ಉಮಾಪತಿಗೆ ಅನಿಸಲಿಲ್ಲ. ತನ್ನ ಮನೆ ಹಾಳಾದರೂ ಸರಿ ಎಂದು ಮನಸ್ಸು ಗಟ್ಟಿ ಮಾಡಿಕೊಂಡು ಬಂದವನು, ಇನ್ನೊಬ್ಬಳ ಮನೆ ಹೀಗಾದೀತೆಂದು ಎಣಿಸಿರಲಿಲ್ಲ.

"ನಮ್ಮ ಮನಿಗೆ ಬರ್ರಿ, ಅಕ್ಕಾರ," ಎಂದು ಪಂಪಾವತಿ ಅವಳ ಕೈ ಹಿಡಿದಳು.

ಹುಲಗಮ್ಮ ಮೆಲ್ಲಗೆ ಕೈ ಬಿಡಿಸಿಕೊಂಡಳು. "ಬ್ಯಾಡ ತಂಗಿ. ಇವತ್ತ ನಿಮ್ಮ ಮನಿ ಅನ್ನ ಉಂಡ್ರ, ನನ್ನ ಸಾಕ್ಷಿಗೂ ರುಷುವತ್ತು ಸಿಕ್ತು ಅಂತಾರ."

ಅಷ್ಟು ಹೇಳಿ ಬಂಡಿ ಹೋದ ದಾರಿ ಹಿಡಿದು ಬಿಸಿಲಲ್ಲಿ ಒಬ್ಬಳೇ ನಡೆದಳು.