ಮೊದಲ ನೀರು

೧

ಈ ಕಥೆಯನ್ನು ಎಲ್ಲಿಂದ ಶುರುಮಾಡಲಿ? ನೀರಿನಿಂದ ಶುರುಮಾಡಿದರೆ ನೀವು ಪುಟ ತಿರುವುತ್ತೀರಿ. ನೀರಿನ ಬಗ್ಗೆ ಎಲ್ಲರೂ ಉಪದೇಶ ಮಾಡಿ ಮುಗಿಸಿದ್ದಾರೆ. ಮೆಂಬ್ರೇನ್ ಎಂಬ ಪದದಿಂದ ಶುರುಮಾಡಿದರೆ ಪುಸ್ತಕವನ್ನೇ ಮುಚ್ಚುತ್ತೀರಿ. ಹಾಗಾಗಿ ಒಂದು ಕೈಯಿಂದ ಶುರುಮಾಡುತ್ತೇನೆ.

ನನ್ನ ಕಥಾನಾಯಕಿಯ ಸೋದರಮಾವನ ಕೈ. ನೂಲಿಗೆ, ಬಟ್ಟೆಗೆ ಬಣ್ಣ ಹಾಕುವವರ ಕೈ. ಚಿಕ್ಕಂದಿನಲ್ಲಿ ಅವಳು ಮಾವನ ಮುಖಕ್ಕಿಂತ ಮೊದಲು ಕೈ ನೋಡುತ್ತಿದ್ದಳು. ಅಂದು ಶೆಡ್ಡಿನ ತೊಟ್ಟಿಯಲ್ಲಿ ಯಾವ ಬಣ್ಣ ಕುದಿದಿದೆ ಎಂಬುದು ಮಣಿಕಟ್ಟಿನವರೆಗೆ ಕಾಣುತ್ತಿತ್ತು. ನೀಲಿ ಕೈಯಲ್ಲಿ ಅವಳಿಗೆ ಜಡೆ ಹಾಕಿದ್ದಾರೆ, ಹಸಿರು ಕೈಯಲ್ಲಿ ಬಿಸ್ಕತ್ತು ಕೊಟ್ಟಿದ್ದಾರೆ. ಈಗ ಕೆಲವು ತಿಂಗಳಿಂದ ಆ ಕೈ ಬೆಳ್ಳಗಿದೆ. ಬಣ್ಣದ ನೀರು ಚರಂಡಿಗೆ ಹೋಗುವುದು ನಿಲ್ಲುವವರೆಗೆ ಕೆಲಸ ನಿಲ್ಲಿಸಿ ಎಂದು ನೋಟಿಸು ಬಂದಿದೆ. ಶೆಡ್ಡನ್ನು ಕೊಂಡು ಗೋದಾಮು ಮಾಡಿಕೊಳ್ಳುತ್ತೇನೆ ಎಂದು ಒಬ್ಬ ದುಂಬಾಲು ಬಿದ್ದಿದ್ದಾನೆ. ಇವತ್ತು ಮಧ್ಯಾಹ್ನದೊಳಗೆ ಮಾವ ಅವನಿಗೆ ಹೂಂ ಅನ್ನಬೇಕು, ಇಲ್ಲವೇ ಊಹೂಂ.

(ಆರಂಭ ಪರವಾಗಿಲ್ಲ, ಅಲ್ಲವೇ? ನನಗೂ ಹಾಗೇ ಅನ್ನಿಸಿತು. ಅದಕ್ಕೇ ಅನುಮಾನ.)

೨

ಲ್ಯಾಬಿನವರು ಅವಳನ್ನು ಎದುರಿಗೆ ಮೇಡಂ ಎನ್ನುತ್ತಾರೆ, ಬೆನ್ನ ಹಿಂದೆ ಪೊರೆಯಮ್ಮ ಎನ್ನುತ್ತಾರೆ. ಹೆಸರು ಸರಿಯಾಗೇ ಇದೆ; ಪೊರೆ, ಅಂದರೆ ಆ ಮೆಂಬ್ರೇನ್, ಮಾಡುವುದೇ ಅವಳ ಕೆಲಸ. ಪಾಕದಂಥ ದ್ರಾವಣವನ್ನು ಗಾಜಿನ ಹಲಗೆಯ ಮೇಲೆ ಸುರಿದು, ಅಲುಗಿನಿಂದ ತೆಳ್ಳಗೆ ಎಳೆದು, ಹಲಗೆಯನ್ನು ಹಾಗೇ ನೀರಿನಲ್ಲಿ ಮುಳುಗಿಸುತ್ತಾಳೆ. ಗಾಜಿನಷ್ಟೇ ತಿಳಿಯಾಗಿದ್ದದ್ದು ಕಣ್ಣೆದುರೇ ಬೆಳ್ಳಗಾಗಿ, ಹಾಳೆಯಾಗಿ ಮೇಲೇಳುತ್ತದೆ. ಅದರ ತುಂಬ ಕಣ್ಣಿಗೆ ಕಾಣದ ತೂತುಗಳು. ನೀರು ತೂರಬೇಕು, ಬಣ್ಣ ತೂರಬಾರದು. ಇಷ್ಟೇ. (ಇಷ್ಟಕ್ಕೇ ಅವಳ ಅರ್ಧ ತಲೆ ನೆರೆತಿದೆ.)

ನಿನ್ನೆ ಬೆಳಗ್ಗೆ ಅವಳು ಹೊಸ ಹಾಳೆಯೊಂದನ್ನು ಉಕ್ಕಿನ ಬಿಲ್ಲೆಗಳ ನಡುವೆ ಬಿಗಿದು, ಮಾವನ ತೊಟ್ಟಿಯಲ್ಲಿ ಉಳಿದಿದ್ದ ಕೆಂಪು ನೀರನ್ನು ಪಂಪಿನಿಂದ ಒತ್ತಿದಳು. ಕೆಳಗಿನ ನಳಿಕೆಯಿಂದ ತಿಳಿನೀರು ತೊಟ್ಟಿಕ್ಕಿತು. ಬೀಕರನ್ನು ಬೆಳಕಿಗೆ ಹಿಡಿದು ನೋಡಿದಳು, ಹಿಂದೆ ಬಿಳಿ ಕಾಗದ ಇಟ್ಟು ನೋಡಿದಳು. ಕೆಂಪಿನ ಸುಳಿವೇ ಇಲ್ಲ. ಕೈಗವಸನ್ನೂ ಬಿಚ್ಚದೆ ಫೋನು ಮಾಡಿ, "ಆಯ್ತು ಮಾವ!" ಅಂದುಬಿಟ್ಟಳು.

ಆ ಕಡೆಯಿಂದ ಮೂಗು ಒರೆಸಿಕೊಂಡ ಸದ್ದು ಬಂತು.

ಸಂಜೆಯ ಹೊತ್ತಿಗೆ ನಳಿಕೆಯ ತುದಿಯ ಹನಿ ಗುಲಾಬಿಯಾಗಿತ್ತು.

೨ (ಮತ್ತೊಮ್ಮೆ, ಏಕೆಂದರೆ ಇದನ್ನು ಬಿಡಿಸಿ ಹೇಳದಿದ್ದರೆ ನೀವು ನನ್ನನ್ನು ಬಿಡುವುದಿಲ್ಲ)

ಆಗಿದ್ದು ಇಷ್ಟು. ಆ ಹಾಳೆ ಬಣ್ಣವನ್ನು ತಡೆದಿರಲಿಲ್ಲ, ಕುಡಿದಿತ್ತು. ಹೊಟ್ಟೆಯಲ್ಲಿ ಜಾಗ ಇರುವವರೆಗೆ ಕುಡಿಯಿತು, ತುಂಬಿದ ಮೇಲೆ ಕೈಚೆಲ್ಲಿತು. ಅದಕ್ಕೇ ಮೊದಲು ಬರುವ ನೀರು ಯಾವಾಗಲೂ ಚೆನ್ನಾಗಿ ಕಾಣುತ್ತದೆ. ಲ್ಯಾಬಿಗೆ ಹೊಸದಾಗಿ ಬಂದ ಪ್ರತಿಯೊಬ್ಬರಿಗೂ ಈ ಪಾಠ ಹೇಳುವವಳು ಅವಳೇ: "ಮೊದಲ ನೀರನ್ನ ನಂಬಬೇಡಿ, ಚೆಲ್ಲಿ." ಪುರಾಣ ಹೇಳಲಿಕ್ಕೆ, ಬದನೆಕಾಯಿ ತಿನ್ನಲಿಕ್ಕೆ! ಬೇರೆ ಯಾರ ನೀರಾಗಿದ್ದರೂ ಕಣ್ಣು ಮುಚ್ಚಿಕೊಂಡು ಚೆಲ್ಲುತ್ತಿದ್ದಳು. ಇದು ಮಾವನ ನೀರು.

ಈಗ ಮಾವ ಅವಳ ಒಂದು ಮಾತು ನಂಬಿಕೊಂಡು ಕೊಳ್ಳುವವನನ್ನು ವಾಪಸು ಕಳಿಸುವವರಿದ್ದಾರೆ. ಅವಳು ಇನ್ನೂ ಫೋನು ಎತ್ತಿಲ್ಲ.

೪

(ಮೂರನೆಯದನ್ನು ಹರಿದು ಹಾಕಿದೆ. ಅದರಲ್ಲಿ ಅವಳು ನಿನ್ನೆ ಸಂಜೆಯೇ ಫೋನು ಮಾಡಿ ನಿಜ ಹೇಳಿಬಿಟ್ಟಿದ್ದಳು. ಅರ್ಧ ಪುಟಕ್ಕೆ ಕಥೆ ಖಲಾಸ್. ಅಷ್ಟು ಒಳ್ಳೆಯವರನ್ನು ಇಟ್ಟುಕೊಂಡು ನಾನು ಏನು ಬರೆಯಲಿ?)

ಹಾಗೆ ಹರಿದದ್ದಕ್ಕೆ ಅವಳು ಬೈಯುತ್ತಾಳೆ ಅಂದುಕೊಂಡಿದ್ದೆ. ಸಿಂಕಿನ ಮುಂದೆ ಕೈ ತೊಳೆಯುತ್ತಿದ್ದವಳು ತಿರುಗಿ, "ಥ್ಯಾಂಕ್ಸ್. ಇನ್ನೊಂದು ಡ್ರಾಫ್ಟ್ ಬರೀರಿ," ಅಂದಳು.

"ಯಾಕೆ?"

"ನೀವು ಬರೀತಾ ಇರೋವರೆಗೂ ಮಧ್ಯಾಹ್ನ ಆಗಲ್ಲ."

"ಮಾವ ಕಾಯ್ತಿದಾರೆ ಕಣ್ರೀ."

"ಗೊತ್ತು. ಬೇಕಾದ್ರೆ ಲ್ಯಾಬ್ ವರ್ಣನೆ ಮಾಡಿ. ನಿಮ್ಮಂಥೋರಿಗೆ ವರ್ಣನೆ ಅಂದ್ರೆ ಪ್ರಾಣ ಅಲ್ವಾ?"

ಚುಚ್ಚಿದರೂ ಮಾಡಿದೆ. ಉದ್ದ ಕೋಣೆ. ಕಿಟಕಿಯ ಪಕ್ಕ ಟಕ್ ಟಕ್ ಎನ್ನುವ ಪಂಪು. ನೀರು ತುಂಬಿದ ಟ್ರೇಗಳಲ್ಲಿ ಮಲಗಿರುವ ಬಿಳಿ ಹಾಳೆಗಳು, ಒಣಗಿದರೆ ಅವುಗಳ ತೂತು ಮುಚ್ಚಿಹೋಗುತ್ತದೆ. ಕೊನೆಯ ಟ್ರೇಯಲ್ಲಿ ಒಂದೇ ಒಂದು ಕೆಂಪು ಹಾಳೆ. ಪಂಪಿಗೆ ಇವತ್ತು ಬೇರೆ ಹಾಳೆ ಬಿಗಿದಿದ್ದಾಳೆ, ಪಾಕ ಬದಲಾಯಿಸಿ ಎಳೆದದ್ದು. ಬೆಳಗ್ಗೆಯಿಂದ ತಿಳಿನೀರೇ ಬರುತ್ತಿದೆ. ನಿನ್ನೆಯೂ ಬೆಳಗ್ಗೆ ತಿಳಿನೀರೇ ಬಂದಿತ್ತು.

ವರ್ಣನೆ ಮುಗಿಯಿತು. ಅವಳು ಫೋನನ್ನು ಕೈಗೆತ್ತಿಕೊಂಡು ಮತ್ತೆ ಕೆಳಗಿಟ್ಟಳು. ಮಾವ ಬೈಯುವ ಜಾತಿಯವರಾಗಿದ್ದರೆ ಎಷ್ಟೋ ಸುಲಭವಿತ್ತು. ಮಾವ ಯಾವತ್ತೂ ಅವಳನ್ನು ಬೈದವರಲ್ಲ, ಅದೇ ಅವಳ ಭಯ.

೫

ಅವಳು ಫೋನು ಮಾಡುವುದಿಲ್ಲ ಎಂದು ಖಾತ್ರಿಯಾದ ಮೇಲೆ ನಾನೇ ಮಾವನನ್ನು ಬಸ್ಸು ಹತ್ತಿಸಿದೆ. (ಬರೆಯುವವರಿಗೆ ಇಷ್ಟು ಅಧಿಕಾರವೂ ಬೇಡವೇ? ಅವಳು ನನ್ನನ್ನು ಕೆಕ್ಕರಿಸಿಕೊಂಡು ನೋಡಿದಳು. ನೋಡಲಿ.)

ಮಾವ ಇಸ್ತ್ರಿ ಅಂಗಿ ಹಾಕಿಕೊಂಡು, ಫ್ಲಾಸ್ಕಿನಲ್ಲಿ ಟೀ ಹಿಡಿದುಕೊಂಡು ಬಂದರು. ಕೊಳ್ಳುವವನಿಗೆ ಊಹೂಂ ಹೇಳುವ ಮೊದಲು ಒಂದು ಸಲ ಕಣ್ಣಾರೆ ನೋಡೋಣ ಅನ್ನಿಸಿತ್ತಂತೆ.

"ಎಲ್ಲಮ್ಮಾ ನಿನ್ನ ಹಾಳೆ?"

"ಕೂತ್ಕೊಳ್ಳಿ ಮಾವ."

"ಕೂರೋಕೆ ಬಂದಿಲ್ಲ ಪುಟ್ಟಿ, ನೋಡೋಕೆ ಬಂದೆ."

"ಅದು ತಡೀಲಿಲ್ಲ ಮಾವ." ಒಂದೇ ಉಸಿರಿಗೆ ಹೇಳಿದಳು. "ನಿನ್ನೆ ಅವಸರಪಟ್ಟುಬಿಟ್ಟೆ. ಹಾಳೆನೇ ಬಣ್ಣ ಕುಡಿದಿತ್ತು, ಸಂಜೆಗೆ ಬಿಡೋಕೆ ಶುರುಮಾಡ್ತು. ಹಿಂಗಾಗುತ್ತೆ ಅಂತ ನಂಗೆ ಗೊತ್ತಿತ್ತು. ಆದ್ರೂ ಫೋನ್ ಮಾಡಿದೆ."

ಮಾವ ಕೈ ಚಾಚಿದರು. ಅವಳು ಕೊನೆಯ ಟ್ರೇ ತೋರಿಸಿದಳು. ಕೆಂಪು ಹಾಳೆಯನ್ನು ಎರಡು ಬೆರಳಲ್ಲಿ ಎತ್ತಿ, ಕಿಟಕಿಗೆ ಹಿಡಿದು, ಹೆಬ್ಬೆರಳಿನಿಂದ ಉಜ್ಜಿದರು. ಬೆರಳಿಗೆ ಏನೂ ಹತ್ತಲಿಲ್ಲ.

"ಅಬ್ಬಬ್ಬಾ! ಬಣ್ಣ ಏನು ಹಿಡಿದಿದೆ ನೋಡು! ಒಂದು ಮಚ್ಚೆ ಇಲ್ಲ, ಪಟ್ಟೆ ಇಲ್ಲ."

"ಮಾವ, ಅದು ಫೇಲಾಗಿರೋ ಹಾಳೆ."

"ನಿಂಗೆ ಫೇಲು. ನಾನಾಗಿದ್ರೆ ಅಂಗಡಿ ಬಾಗಿಲಿಗೆ ನೇತುಹಾಕ್ತಿದ್ದೆ."

ಅವಳಿಗೆ ನಗು ಬಂತು. ನಗುತ್ತಲೇ ಅಳು ಬಂತು. ಮಾವ ಹಾಳೆಯನ್ನು ಮೆಲ್ಲಗೆ ನೀರಿಗೆ ಬಿಟ್ಟು, ಒದ್ದೆ ಕೈಯನ್ನು ಅವಳ ತಲೆಯ ಮೇಲಿಟ್ಟರು. ಆಮೇಲೆ ತಮಾಷೆ ಮುಗಿದವರ ದನಿಯಲ್ಲಿ ಕೇಳಿದರು, "ಹಂಗಾದ್ರೆ ಅವನಿಗೆ ಏನು ಹೇಳ್ಲಿ?"

೬

ನಾನು ನಡುವೆ ಬಾಯಿ ಹಾಕಿದೆ. ಮೂರು ಅಂತ್ಯ ಸಿದ್ಧ ಇಟ್ಟಿದ್ದೆ.

ಅ) ಇವತ್ತಿನ ಹಾಳೆ ಗೆಲ್ಲುತ್ತದೆ. ಶೆಡ್ಡಿನ ಬಾಗಿಲು ತೆರೆಯುತ್ತದೆ. ಮಾವನ ಕೈ ಮತ್ತೆ ನೀಲಿ.

"ಕೇಳೋಕೆ ಚೆನ್ನಾಗಿದೆ," ಎಂದರು ಮಾವ. "ನಿನ್ನೆ ಇವಳ ಫೋನೂ ಚೆನ್ನಾಗಿತ್ತು."

ಆ) ಮಾವ ಮಾರುತ್ತಾರೆ. ತೊಟ್ಟಿಗಳ ಮೇಲೆ ರಟ್ಟಿನ ಪೆಟ್ಟಿಗೆಗಳು ಏರುತ್ತವೆ.

"ಪಂಪ್ ಇನ್ನೂ ಓಡ್ತಿದೆ. ಕಾಣಲ್ವಾ?" ಎಂದಳು ಅವಳು.

ಇ) ಮಾವ ಒಂದು ದೊಡ್ಡ ಮಾತು ಹೇಳುತ್ತಾರೆ, ಅಲ್ಲಿಗೆ ಪರದೆ.

"ಏನ್ ಸ್ವಾಮಿ, ನನ್ನ ಬಾಯಿಗೆ ಗಾದೆ ತುರುಕ್ತೀರಾ?" ಎಂದು ಮಾವ ನನ್ನನ್ನೇ ದಬಾಯಿಸಿದರು. ಆಮೇಲೆ ಅವಳ ಕಡೆ ತಿರುಗಿ, "ನಮ್ಮ ಕಸುಬಲ್ಲಿ ಹಸಿ ಬಟ್ಟೆನ ಗಿರಾಕಿಗೆ ತೋರಿಸಲ್ಲ ಪುಟ್ಟಿ. ಹಸಿ ಇದ್ದಾಗ ಎಲ್ಲಾ ಬಣ್ಣನೂ ಗಾಢವಾಗಿ ಕಾಣುತ್ತೆ. ಒಣಗಿದ ಮೇಲೆ ನಿಜ."

"ನಮ್ಮಲ್ಲಿ ಒಣಗಿದ್ರೆ ಹಾಳೆ ಸತ್ತೇ ಹೋಗುತ್ತೆ ಮಾವ."

"ಮತ್ತೆ ನಿಜ ಗೊತ್ತಾಗೋದು ಯಾವಾಗ?"

"ನಿನ್ನೆ ಬಣ್ಣ ಬಿಟ್ಟ ಹೊತ್ತು ದಾಟಬೇಕು. ಆಮೇಲೂ ಓಡಿಸ್ತಾನೇ ಇರಬೇಕು, ನಾಳೆ, ನಾಡಿದ್ದು."

ಮಧ್ಯಾಹ್ನವನ್ನು ನಾನು ಎಷ್ಟು ಎಳೆದರೂ ಅದು ಬಂದೇ ಬಂತು. ಮಾವನ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಕೊಳ್ಳುವವನು. ಅವನ ದನಿ ನಮಗೂ ಕೇಳುತ್ತಿತ್ತು: "ಯಜಮಾನ್ರೇ, ಏನಾಯ್ತು?"

ಮಾವ ಫೋನಿಗೆ ಅಂಗೈ ಅಡ್ಡ ಹಿಡಿದು ಅವಳನ್ನು ನೋಡಿದರು.

ಅವಳು ನಳಿಕೆಯನ್ನು ನೋಡಿದಳು. ಒಂದು ಹನಿ ಇಳಿಯಿತು, ತಿಳಿಯಾಗಿ. ಇನ್ನೊಂದು, ಅಷ್ಟೇ ತಿಳಿಯಾಗಿ. ಆಯ್ತು ಎಂದರೆ ಮಾವ ನಂಬುತ್ತಾರೆ, ಇವತ್ತೂ ನಂಬುತ್ತಾರೆ. ಆಗಲ್ಲ ಎಂದರೂ ನಂಬಿ, ಶೆಡ್ಡು ಕೊಟ್ಟು, ಅವಳ ಮುಂದೆ ಒಂದು ಸಲವೂ ಆ ಮಾತೆತ್ತದೆ ಬದುಕುತ್ತಾರೆ. (ಆಯ್ತು ಎಂದು ಬರೆಯಲು ನನ್ನ ಕೈಯೂ ತುರಿಸುತ್ತಿತ್ತು. ನಿಮ್ಮನ್ನು ನೆಮ್ಮದಿಯಾಗಿ ಮನೆಗೆ ಕಳಿಸಬಹುದಿತ್ತು.)

"ಇನ್ನೂ ಆಗಿಲ್ಲ ಮಾವ," ಎಂದಳು.

ಮಾವ ಅಂಗೈ ತೆಗೆದು, ಅದನ್ನೇ ಫೋನಿಗೆ ಒಪ್ಪಿಸಿದರು: "ಇನ್ನೂ ಆಗಿಲ್ಲಪ್ಪ."

"ಹಾಗಾದ್ರೆ ನಾನು ಬೇರೆ ಕಡೆ ನೋಡ್ಕೋತೀನಿ."

"ನೋಡ್ಕೊಳ್ಳಿ."

ಫೋನು ಜೇಬಿಗೆ ಹೋಯಿತು. ಮಾವ ನಳಿಕೆಯ ಕೆಳಗಿದ್ದ ಬೀಕರನ್ನು ಎತ್ತಿ ಬೆಳಕಿಗೆ ಹಿಡಿದರು. ಬೆಳಗ್ಗೆಯಿಂದ ತುಂಬಿದ ತಿಳಿನೀರು.

"ಇದನ್ನ ಏನು ಮಾಡ್ತೀಯ?"

"ಚೆಲ್ಲಬೇಕು ಮಾವ. ಮೊದಲ ನೀರು."

ಮಾವ ಸಿಂಕಿನ ತನಕ ಹೋಗಿ, ಒಂದು ಕ್ಷಣ ನಿಂತು, ತಾವೇ ಚೆಲ್ಲಿದರು. ಖಾಲಿ ಬೀಕರನ್ನು ತಂದು ನಳಿಕೆಯ ಕೆಳಗೆ ಸರಿಯಾಗಿ ಇಟ್ಟರು. ಕೈಯನ್ನು ಇಸ್ತ್ರಿ ಅಂಗಿಗೇ ಒರೆಸಿಕೊಂಡು ಫ್ಲಾಸ್ಕು ಬಿಚ್ಚಿದರು.

ಮುಗಿಸಲೇ ಎಂದು ನಾನು ಕೇಳಿದೆ. ಇಬ್ಬರೂ ನನ್ನ ಕಡೆ ತಿರುಗಲಿಲ್ಲ.

"ಒಂದು ಸ್ಟೂಲ್ ಕೊಡು ಪುಟ್ಟಿ," ಎಂದರು ಮಾವ. "ಈಗ ಕೂತ್ಕೋತೀನಿ."